ಕಾಮರ್ಸ್ ಹುಡುಗಿಯ ಅಣಬೆ ಲೆಕ್ಕ

ಡೆಬಿಟ್, ಕ್ರೆಡಿಟ್ ಓದುವವಳಿಗೆ ಅಣಬೆಯ ಗೊಡವೆ ಏಕೆ ಎಂದು ಗೆಳತಿಯರು ಕೇಳುತ್ತಾರೆ. ಕಾರಣ ನಮ್ಮ ಆಪಾ. ಅವಳು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಳೆ. ಸೆಮಿನಾರಿಗೆ ಸಿಕ್ಕ ವಿಷಯ ಶಿಲೀಂಧ್ರಗಳ ಮೇಟಿಂಗ್ ಟೈಪ್. ರಾತ್ರಿ ಗಟ್ಟಿಯಾಗಿ ಓದುತ್ತಾಳೆ, ಅಮ್ಮಿಗೂ ನನಗೂ ಉರ್ದುವಿನಲ್ಲಿ ಬಿಡಿಸಿ ಹೇಳುತ್ತಾಳೆ, ಲೆಕ್ಕ ಬಂದರೆ ನನ್ನನ್ನು ಕರೆಯುತ್ತಾಳೆ.

ಶಿಲೀಂಧ್ರಗಳಲ್ಲಿ ಗಂಡು ಹೆಣ್ಣು ಎಂದು ನೋಡಿ ಗುರುತಿಸಲು ಆಗುವುದಿಲ್ಲ. 1904ರಲ್ಲಿ ಅಮೆರಿಕದ ಆಲ್ಬರ್ಟ್ ಬ್ಲೇಕ್ಸ್ಲೀ ಬ್ರೆಡ್ಡಿನ ಮೇಲೆ ಬರುವಂಥ ಬೂಷ್ಟುಗಳನ್ನು ಪರೀಕ್ಷಿಸಿದರು. ಎರಡು ಎಳೆಗಳು ನೋಡಲು ಒಂದೇ ತರಹ. ಆದರೂ ಕೆಲವು ಜೋಡಿ ಮಾತ್ರ ಕೂಡುತ್ತಿದ್ದವು. ಅವರು ಅವುಗಳನ್ನು ಪ್ಲಸ್, ಮೈನಸ್ ಎಂದು ಕರೆದರು. ಇಲ್ಲಿಯವರೆಗೆ ನನಗೆ ಸುಲಭವಾಗಿತ್ತು, ಎರಡೇ ಕಾಲಂ!

ಆಪಾಳ ಅಣಬೆ ಬೇರೆ. ಹೆಸರು ಸ್ಕೈಝೋಫಿಲಮ್ ಕಮ್ಯೂನ್. ಒಣಮರದ ಮೇಲೆ ಬೆಳೆಯುವ ಬೂದುಬಿಳಿ ಬಣ್ಣದ ಪುಟ್ಟ ಬೀಸಣಿಗೆ. ಹಾರ್ವರ್ಡ್‌ನ ಜಾನ್ ರೇಪರ್ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಇದಕ್ಕೆ ಎ ಮತ್ತು ಬಿ ಎಂಬ ಎರಡು ಬೀಗಗಳಿವೆ, ಅಂದರೆ ವರ್ಣತಂತುವಿನಲ್ಲಿ ಬೇರೆ ಬೇರೆ ಕಡೆ ಇರುವ ಜೀನ್‌ಗಳ ಗುಂಪುಗಳು. ಅಂದಾಜಿನ ಪ್ರಕಾರ ಎ ಗುಂಪಿನಲ್ಲಿ 9 × 32 = 288 ಬಗೆ, ಬಿ ಗುಂಪಿನಲ್ಲಿ 9 × 9 = 81 ಬಗೆ. ಎರಡನ್ನೂ ಗುಣಿಸಿದರೆ 23,328.

ಇದನ್ನೇ ಕೆಲವರು 'ಇಪ್ಪತ್ತಮೂರು ಸಾವಿರ ಲಿಂಗಗಳು' ಎಂದು ಬರೆಯುತ್ತಾರಂತೆ. ಆ ಮಾತು ನನಗೆ ಸರಿ ಕಾಣುವುದಿಲ್ಲ. ಇಲ್ಲಿ ತಂದೆಯ ಪಾತ್ರ, ತಾಯಿಯ ಪಾತ್ರ ಎಂದು ಹಂಚಿಕೆಯೇ ಇಲ್ಲ. ಇದು ಒಂದು ತಪಾಸಣೆ ಅಷ್ಟೇ. ಎಳೆಗಳು ಯಾರ ಜೊತೆಗಾದರೂ ಮೊದಲು ಅಂಟಿಕೊಳ್ಳುತ್ತವೆ. ಆಮೇಲೆ ಎ ಬೇರೆಯಾಗಿರಬೇಕು, ಬಿ ಕೂಡ ಬೇರೆಯಾಗಿರಬೇಕು. ಬಿ ಬೇರೆಯಾದರೆ ಒಬ್ಬರ ಕೋಶಕೇಂದ್ರ ಇನ್ನೊಬ್ಬರ ಎಳೆಯೊಳಗೆ ಪ್ರಯಾಣ ಮಾಡುತ್ತದೆ. ಎ ಬೇರೆಯಾದರೆ ಎರಡೂ ಕೋಶಕೇಂದ್ರಗಳು ಜೋಡಿಯಾಗಿ ನಡೆಯುತ್ತವೆ. ಒಂದೇ ಬೀಗ ತೆರೆದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಅಣಬೆ ಸರಿಯಾಗಿ ಅರಳುವುದಿಲ್ಲ.

ಇಷ್ಟು ಬಗೆ ಯಾಕೆ ಬೇಕು? ಆಪಾ ನನ್ನ ಕೈಗೆ ಕ್ಯಾಲ್ಕುಲೇಟರ್ ಕೊಟ್ಟಳು. ಒಂದೇ ಅಣಬೆಯಿಂದ ಹುಟ್ಟಿದ ಬೀಜಕಗಳಲ್ಲಿ ನಾಲ್ಕೇ ಬಗೆ. ಆದ್ದರಿಂದ ಒಡಹುಟ್ಟಿದವರೊಂದಿಗೆ ಕೂಡುವ ಅವಕಾಶ 4ರಲ್ಲಿ 1. ಸಂಬಂಧವಿಲ್ಲದವರು ಎದುರಾದರೆ 287/288 × 80/81, ಅಂದರೆ 100ಕ್ಕೆ 98. ಗಾಳಿಯಲ್ಲಿ ಹಾರಿ ಎಲ್ಲೋ ಬಿದ್ದ ಬೀಜಕಕ್ಕೆ ಅಪರಿಚಿತರಲ್ಲಿ ಹೆಚ್ಚುಕಡಿಮೆ ಎಲ್ಲರೂ ಆಗುತ್ತಾರೆ. ಮನೆಯವರಲ್ಲಿ ಮಾತ್ರ ಹುಡುಕಬೇಕು. ನಮ್ಮ ಸ್ಟ್ಯಾಟಿಸ್ಟಿಕ್ಸ್ ಪುಸ್ತಕದಲ್ಲಿ ಬರುವ ನಾಣ್ಯ, ದಾಳಗಳಿಗಿಂತ ಈ ಲೆಕ್ಕ ನನಗೆ ಹೆಚ್ಚು ಇಷ್ಟವಾಯಿತು.

ಆಪಾಗೆ ಎಂ.ಎಸ್ಸಿ. ಮಾಡುವ ಆಸೆ. ಮನೆಗೆ ಬಂದ ಖಾಲಾ "ಡಿಗ್ರಿ ಸಾಕಲ್ಲವಾ, ಬೂಷ್ಟು ಓದಿ ಏನು ಸಿಗುತ್ತದೆ?" ಎನ್ನುತ್ತಾರೆ. ಅಬ್ಬಾ ಹೌದು ಎಂದಿಲ್ಲ, ಬೇಡ ಎಂದೂ ಇಲ್ಲ. ಕಳೆದ ಭಾನುವಾರ ಅವಳು ನಮ್ಮ ಮುಂದೆ ಸೆಮಿನಾರ್ ಮಾತಾಡಿ ತೋರಿಸಿದಾಗ ಅವರು ಒಂದೇ ಪ್ರಶ್ನೆ ಕೇಳಿದರು: "ಇದು ನಮ್ಮ ಕಡೆಯೂ ಇದೆಯಾ ಬೇಟಾ?" ಆಪಾ ಸಾಮಿಲ್ ಹಿಂದೆ ಬಿದ್ದಿದ್ದ ಮಾವಿನ ಕೊಂಬೆಯಿಂದ ಒಂದು ತುಂಡು ತಂದಳು. ಅದರ ಮೇಲಿನ ಅಣಬೆಗಳು ಒಣಗಿ ಮುದುಡಿದ್ದವು. ತಟ್ಟೆಯಲ್ಲಿ ನೀರು ಹಾಕಿ ಇಟ್ಟೆವು. ನಿಧಾನವಾಗಿ ಅವು ಬಿಚ್ಚಿಕೊಂಡವು. ಅಬ್ಬಾ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು, ಆಮೇಲೆ ಅಮ್ಮಿಯನ್ನೂ ಕರೆದರು. ಅರ್ಜಿಗೆ ಕೊನೆಯ ದಿನ ಇನ್ನೂ ಬಂದಿಲ್ಲ.