ಅಕ್ಕನ ಮೂರನೆಯ ವರ್ಷ



2024ರ ಫೆಬ್ರವರಿಯಲ್ಲಿ ನಾವು ಹದಿನೈದು ದಿನ ಶ್ರೀಮಠದಲ್ಲಿ ಇರಲಿಲ್ಲ. ಧರ್ಮಪ್ರಸಾರಕ್ಕಾಗಿ ಜಪಾನಿಗೆ ಹೋಗಿದ್ದೆವೆಂದು ಹಲವರು ಭಾವಿಸಿದ್ದಾರೆ. ಸಭೆಯೊಂದರಲ್ಲಿ ಹಾಗೆಂದು ಘೋಷಿಸಿ ಹಾರವನ್ನೂ ಹಾಕಿದರು. ಅದು ನಿಜವಲ್ಲ. ನಾವು ಹೋದದ್ದು ಪೂರ್ವಾಶ್ರಮದ ಅಕ್ಕನ ಸ್ಮರಣಕಾರ್ಯಕ್ಕೆ.

ವಿರಕ್ತನಿಗೆ ಅಕ್ಕನೆಲ್ಲಿಯವಳು ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ತಾಯಿಯಿಲ್ಲದ ಮನೆಯಲ್ಲಿ ನಮಗೆ ಎಣ್ಣೆ ಹಚ್ಚಿ, ತಲೆ ಬಾಚಿ ಬೆಳೆಸಿದವಳು ಅವಳು. ಎಂಟು ವರ್ಷದ ನಮ್ಮನ್ನು ಮಠದ ಬಾಗಿಲಿಗೆ ಕರೆತಂದು ಬಿಟ್ಟವಳೂ ಅವಳೇ. ಪಟ್ಟವಾದ ದಿನ ಎಲ್ಲರೊಡನೆ ಸಾಲಿನಲ್ಲಿ ಬಂದು ಅಡ್ಡಬಿದ್ದು 'ಬುದ್ಧೀ' ಎಂದಳು. ಅಂದಿನಿಂದ ನಮ್ಮ ಹೆಸರು ಹಿಡಿದು ಕರೆಯುವವರು ಯಾರೂ ಉಳಿಯಲಿಲ್ಲ.

ಅವಳ ಮಗಳು ಓದಲೆಂದು ಕ್ಯೋಟೋ ನಗರಕ್ಕೆ ಹೋಗಿ ಅಲ್ಲಿಯವನನ್ನೇ ಮದುವೆಯಾದಳು. ಭಾವನವರು ಲಿಂಗೈಕ್ಯರಾದ ಮೇಲೆ ಅಕ್ಕನೂ ಅಲ್ಲಿಗೆ ಹೋಗಿ ನೆಲೆಸಿದಳು. 2022ರ ಫೆಬ್ರವರಿಯಲ್ಲಿ ಅಲ್ಲಿಯೇ ತೀರಿಕೊಂಡಳು. ಸಾಂಕ್ರಾಮಿಕದ ಕಾರಣ ಆ ದೇಶವು ಹೊರಗಿನ ಸಂದರ್ಶಕರಿಗೆ ಬಾಗಿಲು ಮುಚ್ಚಿದ್ದ ಕಾಲ ಅದು. ರಾತ್ರಿ ದೂರವಾಣಿಯಲ್ಲಿ ಮಗಳು, "ಬುದ್ಧೀ, ಇಲ್ಲಿ ಸಮಾಧಿ ಮಾಡಲು ಎಲ್ಲೂ ಜಾಗ ಸಿಕ್ಕುತ್ತಿಲ್ಲ, ಏನು ಮಾಡಲಿ?" ಎಂದಳು. "ನಮ್ಮಲ್ಲಿ ಸುಡುವ ಪದ್ಧತಿ ಇಲ್ಲ" ಎಂದಷ್ಟೇ ಹೇಳಿ ನಾವು ದೂರವಾಣಿಯನ್ನು ಇಟ್ಟುಬಿಟ್ಟೆವು. ಆಕೆ ಕೇಳಿದ್ದು ದಾರಿಯನ್ನು, ನಾವು ಹೇಳಿದ್ದು ಶಾಸ್ತ್ರವನ್ನು. ಜಪಾನಿನ 1948ರ ಕಾನೂನು ಹೂಳುವುದನ್ನು ನಿಷೇಧಿಸಿಲ್ಲ. ಆದರೆ ಅದಕ್ಕೆ ಒಪ್ಪುವ ರುದ್ರಭೂಮಿಗಳು ಬೆರಳೆಣಿಕೆಯಷ್ಟು. ಅಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಮಂದಿಯ ದೇಹ ಅಗ್ನಿಗೇ ಹೋಗುತ್ತದೆ. ಇದನ್ನು ನಾವು ತಿಳಿದುಕೊಂಡದ್ದು ಬಹಳ ತಡವಾಗಿ. ಒಂದೂವರೆ ವರ್ಷ ಆಕೆಯ ಕಾಗದಗಳಿಗೆ ಉತ್ತರ ಬರೆಯಲಿಲ್ಲ.

ಕೊನೆಗೊಂದು ಕಾಗದ ಬಂದಿತು: "ಅವ್ವನ ಅಸ್ಥಿ ಇನ್ನೂ ಮನೆಯಲ್ಲೇ ಇದೆ. ಮೂರನೆಯ ವರ್ಷದ ಕಾರ್ಯಕ್ಕೆ ತಾವು ಬಂದರೆ ಮಾತ್ರ ಮಣ್ಣಿಗೆ ಇಡುತ್ತೇನೆ."

ಹುಟ್ಟೂರಿನ ಹೊಲದ ಹಿಡಿ ಮಣ್ಣನ್ನು ಬಟ್ಟೆಯಲ್ಲಿ ಕಟ್ಟಿಟ್ಟುಕೊಂಡಿದ್ದೆವು. ಬೆಳೆಗಳಿಗೆ ರೋಗ ತಗುಲೀತೆಂದು ಹೊರದೇಶದ ಮಣ್ಣನ್ನು ಜಪಾನಿನೊಳಗೆ ತರಗೊಡುವುದಿಲ್ಲವಂತೆ. ಗಂಟನ್ನು ಬಿಚ್ಚಿ ಮಠದ ಹೂದೋಟದಲ್ಲಿ ಸುರಿದು, ವಿಭೂತಿಗಟ್ಟಿಯೊಂದನ್ನೇ ತೆಗೆದುಕೊಂಡು ಹೊರಟೆವು.

ಹುಲ್ಲುಚಾಪೆ ಹಾಸಿದ ಕೋಣೆಯಲ್ಲಿ ಬೀಗರ ಪೂರ್ವಿಕರ ಬುದ್ಧಪೀಠವಿತ್ತು. ಅದರ ಪಕ್ಕದ ಮಣೆಯ ಮೇಲೆ ಬಿಳಿಯ ಬಟ್ಟೆ ಸುತ್ತಿದ ಅಸ್ಥಿಕುಂಭ. ಅದರ ಮುಂದೆ ಅಕ್ಕನ ಚಿತ್ರ, ಒಂದು ಹಿಡಿ ಬಿಸಿ ಅನ್ನ. ಮುಂಜಾನೆ ಕೊರೆಯುವ ಚಳಿಯಲ್ಲಿ ನಾವು ಅಲ್ಲಿಯೇ ಇಷ್ಟಲಿಂಗ ಪೂಜೆಗೆ ಕುಳಿತೆವು. ಮುಗಿಸಿ ಕಣ್ಣು ತೆರೆದಾಗ ಮಗಳು ಬಾಗಿಲ ಬಳಿ ನಿಂತಿದ್ದಳು.

ಅಂದು ನಡೆದುದನ್ನು ಆಕೆ ನಿಧಾನವಾಗಿ ಹೇಳಿದಳು. ದಹನದ ನಂತರ ಬಂಧುಗಳು ಇಬ್ಬಿಬ್ಬರಾಗಿ ನಿಂತು, ಊಟಕ್ಕೆ ಬಳಸುವಂಥ ಕಡ್ಡಿಗಳಿಂದ ಒಂದೊಂದೇ ಎಲುಬನ್ನು ಹಿಡಿದು ಕುಂಭಕ್ಕೆ ಹಾಕುತ್ತಾರೆ. (ಆ ಕಾರಣದಿಂದಲೇ ಊಟದ ವೇಳೆ ಇಬ್ಬರು ಒಂದೇ ತುಣುಕನ್ನು ಕಡ್ಡಿಗಳಿಂದ ಹಿಡಿಯುವುದು ಅಲ್ಲಿ ಅಶುಭ.) ಮೊದಲು ಪಾದದ ಎಲುಬು, ಕೊನೆಗೆ ತಲೆಯದು, ಕುಂಭದೊಳಗೆ ಸತ್ತವರು ತಲೆಕೆಳಗಾಗಬಾರದು. ಕತ್ತಿನ ಮೇಲ್ಭಾಗದ ಒಂದು ಕೀಲೆಲುಬನ್ನು ಕಂಠದ ಬುದ್ಧನೆಂದೇ ಕರೆಯುತ್ತಾರೆ. ಧ್ಯಾನಕ್ಕೆ ಕುಳಿತವರ ಆಕಾರ ಅದಕ್ಕಿದೆ.

"ಸುಡುವ ಮುಂಚೆ ಅವ್ವನ ಕೊರಳಿನಿಂದ ಲಿಂಗವನ್ನು ನಾನೇ ತೆಗೆದೆ, ಬುದ್ಧೀ. ಬೆಂಕಿಗೆ ಹೇಗೆ ಕೊಡಲಿ? ಆಮೇಲೆ ಆ ಕೂತ ಎಲುಬಿನ ಮೇಲೆ ಇಟ್ಟು ಮುಚ್ಚಳ ಹಾಕಿದೆ. ತಪ್ಪಾಯಿತೇ?"

ಕುಳ್ಳಿರಿಸಿ, ಎಡಗೈಯಲ್ಲಿ ಲಿಂಗವಿಟ್ಟು ಸಮಾಧಿ ಮಾಡುವ ಸಂಪ್ರದಾಯದವರು ನಾವು. ಆಕೆಗೆ ಯಾರೂ ಹೇಳಿಕೊಡದೆ ತಿಳಿದದ್ದಿಷ್ಟು. "ತಪ್ಪು ನಿನ್ನದಲ್ಲ" ಎಂದೆವು. ಅದಕ್ಕಿಂತ ಹೆಚ್ಚು ಹೇಳಲು ಗಂಟಲು ಬಿಡಲಿಲ್ಲ.

ಕಾರ್ಯ ನಡೆದದ್ದು ಬೀಗರ ಮನೆತನದ ಚಿಕ್ಕ ದೇವಾಲಯದಲ್ಲಿ. ಎಲ್ಲರೂ ಕಪ್ಪು ಉಡುಪಿನವರು. ನಡುವೆ ನಮ್ಮದೊಂದೇ ಕಾವಿ. ಅವರದು 1173ರಲ್ಲಿ ಜನಿಸಿದ ಶಿನ್ರಾನ್ ಗುರುವಿನ ಪಂಥ. ಆ ಗುರು ವಿವಾಹಿತನಾಗಿಯೇ ಬಾಳಿದವನು. ಕಲ್ಯಾಣದ ಶರಣರಲ್ಲಿಯೂ ಎಷ್ಟೋ ಮಂದಿ ಸಂಸಾರಿಗಳಾಗಿದ್ದರೆಂಬುದು ನಮಗೆ ನೆನಪಾಯಿತು. ಮನಸ್ಸಿನಲ್ಲಿ ಕೊರೆಯುತ್ತಿದ್ದ ಸಂಶಯವನ್ನು ಅಳಿಯನ ಮೂಲಕ ಪುರೋಹಿತರಲ್ಲಿ ಕೇಳಿದೆವು: ಶ್ರಾದ್ಧವನ್ನು ಒಪ್ಪದ ನಾವು ಇದರಲ್ಲಿ ಹೇಗೆ ಕುಳಿತುಕೊಳ್ಳುವುದು? ಅವರು ನಕ್ಕರು. ಸತ್ತವರು ಆಗಲೇ ಸುಖಾವತಿಯನ್ನು ಸೇರಿಯಾಗಿದೆ, ನಾವು ಅವರಿಗೆ ಕಳುಹಿಸಬೇಕಾದ ಪುಣ್ಯ ಯಾವುದೂ ಇಲ್ಲ. ಅವರ ನೆಪದಲ್ಲಿ ಬದುಕಿರುವವರು ಕುಳಿತು ಧರ್ಮ ಕೇಳುವುದಷ್ಟೇ ಎಂದರು.

ಸೂತ್ರಪಠಣ ಆರಂಭವಾಯಿತು. ಮೊದಲಿಗೆ ಒಂದಕ್ಷರವೂ ತಿಳಿಯಲಿಲ್ಲ. ಮತ್ತೆಮತ್ತೆ 'ಶಾರಿಹೋತ್ಸು' ಎಂಬ ಶಬ್ದ ಬರುತ್ತಿತ್ತು. ಹತ್ತನೆಯ ಸಲವೋ ಏನೋ, ಥಟ್ಟನೆ ಹೊಳೆಯಿತು: ಶಾರಿಪುತ್ರ! ಸಂಸ್ಕೃತದ ಸುಖಾವತೀವ್ಯೂಹವನ್ನು ಕುಮಾರಜೀವನು ಚೀನೀ ಭಾಷೆಗೆ ತಂದ ಪಾಠವದು; ಬುದ್ಧನು ತನ್ನ ಶಿಷ್ಯನನ್ನು ಹೆಸರು ಹಿಡಿದು ಕರೆದು ಕರೆದು ಹೇಳುತ್ತಿದ್ದಾನೆ. ವಿಶ್ವವಿದ್ಯಾನಿಲಯದಲ್ಲಿ ಪರೀಕ್ಷೆಗಾಗಿ ಓದಿದ ಸಂಗತಿಯೊಂದು ಇಷ್ಟು ವರ್ಷಗಳ ಮೇಲೆ ಅಕ್ಕನ ಅಸ್ಥಿಯ ಮುಂದೆ ಉಪಯೋಗಕ್ಕೆ ಬಂದಿತು. ನಮ್ಮ ಸರದಿ ಬಂದಾಗ ಅವರಂತೆಯೇ ಚಿಟಿಕೆ ಧೂಪದ ಪುಡಿಯನ್ನು ಕೆಂಡಕ್ಕೆ ಹಾಕಿದೆವು.

ಹೊರಗೆ ಸಣ್ಣಗೆ ಹಿಮ ಬೀಳುತ್ತಿತ್ತು. ಗೋರಿಯ ಮುಂದಿನ ಕಲ್ಲನ್ನು ಸರಿಸಿದರು. ಆ ಪ್ರಾಂತದಲ್ಲಿ ಎಷ್ಟೋ ಗೋರಿಗಳ ಒಳನೆಲ ಬರಿಯ ಮಣ್ಣು; ಅಸ್ಥಿಯನ್ನು ಕುಂಭದಿಂದ ತೆಗೆದು ಬಿಳಿಯ ಹತ್ತಿಬಟ್ಟೆಯ ಚೀಲಕ್ಕೆ ತುಂಬಿ ಆ ಮಣ್ಣಿನ ಮೇಲೆ ಇಡುತ್ತಾರೆ; ಬಟ್ಟೆಯೂ ಎಲುಬೂ ಕಾಲಕ್ರಮದಲ್ಲಿ ಮಣ್ಣಾಗುತ್ತವೆ. ಇದನ್ನು ಅಲ್ಲಿಯವರೆಗೆ ನಮಗೆ ಯಾರೂ ಹೇಳಿರಲಿಲ್ಲ. ಪುರೋಹಿತರು ನಮ್ಮ ಕಡೆ ತಿರುಗಿ ಕೈತೋರಿ ಹಿಂದೆ ಸರಿದರು. ಚೀಲಕ್ಕೆ ವಿಭೂತಿ ಧರಿಸಿ, ಲಿಂಗವನ್ನು ಒಳಗಿಟ್ಟು, ಪಂಚಾಕ್ಷರಿಯನ್ನು ಜಪಿಸುತ್ತಾ ನಮ್ಮ ಕೈಯಿಂದಲೇ ಮಣ್ಣಿನ ಮೇಲೆ ಇಳಿಸಿದೆವು. ಅಷ್ಟು ಹಗುರವಾಗಿದ್ದಳು ಅಕ್ಕ.

ಊಟದ ವಿಷಯ ಹೇಳಲೇಬೇಕು. ಆ ನಾಡಿನ ಸಾರಿನಲ್ಲಿ ತರಕಾರಿ ಮಾತ್ರ ಕಂಡರೂ ತಳದಲ್ಲಿ ಒಣಮೀನಿನ ರಸವಿರುತ್ತದೆ. ಎಂಬತ್ತು ದಾಟಿದ ಬೀಗಿತ್ತಿ ಹಿಂದಿನ ರಾತ್ರಿಯೇ ಸಮುದ್ರದ ಪಾಚಿಯನ್ನೂ ಒಣಗಿದ ಅಣಬೆಯನ್ನೂ ನೆನೆಹಾಕಿ ಬೇರೆಯ ರಸ ತೆಗೆದಿದ್ದರು. ಅಕ್ಕನಿಗಾಗಿ ಕಲಿತ ಅಡಿಗೆಯಂತೆ ಅದು.

ಹೊರಡುವ ದಿನ ಮಗಳ ಹತ್ತು ವರ್ಷದ ಹುಡುಗ ಬೆರಳು ಮಡಿಚುತ್ತಾ ಕುಳಿತಿದ್ದ. ಸತ್ತ ವರ್ಷವನ್ನೇ ಒಂದೆಂದು ಹಿಡಿಯುವುದು ಅವರ ಲೆಕ್ಕ. ಆದುದರಿಂದಲೇ ಎರಡು ವರ್ಷಕ್ಕೆ ಮೂರನೆಯದು. ಮುಂದಿನದು ಏಳನೆಯದು, 2028ರಲ್ಲಿ. ಅಜ್ಜಿ ಕಲಿಸಿದ ಕನ್ನಡದಲ್ಲಿ ಅವನು, "ಬರ್ತೀಯಾ ಅಜ್ಜಾ?" ಎಂದ. ಮಗಳು ಗಾಬರಿಯಾಗಿ, "ಬುದ್ಧಿಯವರನ್ನ ಹಾಗೆ ಕರೀಬಾರದು" ಎಂದು ಗದರಿದಳು.

"ಬರ್ತೀನಿ ಮಗು" ಎಂದೆವು.