ನಮ್ಮ ಸಭೆ ಕೂಡಿದ ಬಗೆ

ಹೊಸ ಕ್ರೈಸ್ತ ಸಭೆಯೊಂದು ಹುಟ್ಟಿತೆಂದರೆ ಅಡಿಗಲ್ಲು, ಗಂಟೆಗೋಪುರ, ಹಿರಿಯರ ಭಾಷಣ ಇವೆಲ್ಲ ವಾಚಕರ ಕಣ್ಣಮುಂದೆ ಬರಬಹುದು. ಸೊಲ್ಲಾಪುರದಲ್ಲಿ ನಮ್ಮ ಸಭೆ ಹುಟ್ಟಿದ್ದು ಒಬ್ಬ ಮುದುಕಿಯ ಹಟದಿಂದ. ಅದಕ್ಕೆ ಅಡಿಗಲ್ಲಿರಲಿಲ್ಲ, ಗಂಟೆಯಂತೂ ಕೊನೆಯವರೆಗೂ ಬರಲಿಲ್ಲ.

1966ರ ಅಕ್ಟೋಬರದಲ್ಲಿ ದಕ್ಷಿಣ ಮಧ್ಯ ರೇಲ್ವೆ ಸ್ಥಾಪನೆಯಾಗಿ ಹುಬ್ಬಳ್ಳಿ, ಸೊಲ್ಲಾಪುರ ವಿಭಾಗಗಳೆರಡೂ ಒಂದೇ ಆಡಳಿತಕ್ಕೆ ಸೇರಿದಾಗ ನಮ್ಮಲ್ಲಿ ನಾಲ್ಕು ಮನೆಯವರು ವರ್ಗವಾಗಿ ಇಲ್ಲಿಗೆ ಬಂದೆವು. ಬೆಟಗೇರಿಯಿಂದ ನೇಕಾರಿಕೆಯನ್ನು ನಂಬಿ ಬಂದ ಮೂರು ಮನೆಗಳು ಅದಕ್ಕೂ ಮೊದಲೇ ಇದ್ದವು. ಏಳೂ ಮನೆಗಳವರ ಅಜ್ಜ ಮುತ್ತಜ್ಜಂದಿರು ಬಾಸೆಲ್ ಮಿಷನ್ನಿನ ಸಭೆಗಳಲ್ಲಿ ದೀಕ್ಷಾಸ್ನಾನ ಹೊಂದಿದವರು. ಆ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. ಹೋದಲ್ಲೆಲ್ಲ ಮೊದಲು ಶಾಲೆ ತೆರೆದು ಕನ್ನಡ ಕಲಿತರು. 1843ರ ‘ಮಂಗಳೂರ ಸಮಾಚಾರ’ವೂ 1894ರ ಕಿಟ್ಟೆಲರ ನಿಘಂಟೂ ಆ ಕಲಿಕೆಯ ಫಲವೆಂಬುದನ್ನು ಶಿಕ್ಷಕರಾದ ವಾಚಕರಿಗೆ ನಾವು ಹೇಳಬೇಕಾಗಿಲ್ಲ. ನಮ್ಮ ಪಾಲಿಗೆ ದೇವರ ಮಾತೆಂದರೆ ಕನ್ನಡದ ಮಾತು. ಹಾಗೆಂದು ನಮಗೆ ಯಾರೂ ಬೋಧಿಸಿರಲಿಲ್ಲ, ಅದು ಹಾಗೆ ರೂಢಿಯಾಗಿತ್ತು.

ಸೊಲ್ಲಾಪುರದಲ್ಲಿ ಭಾನುವಾರ ನಾವು ಮರಾಠಿ ಸಭೆಯೊಂದಕ್ಕೆ ಹೋಗುತ್ತಿದ್ದೆವು. ಅಲ್ಲಿ ನಮಗೆ ಯಾವ ಕೊರತೆಯೂ ಇರಲಿಲ್ಲವೆಂದು ಮೊದಲೇ ಹೇಳಿಬಿಡುವುದು ನ್ಯಾಯ. ಹೊಸಬರೆಂದು ಮುಂದಿನ ಬೆಂಚು ಬಿಟ್ಟುಕೊಟ್ಟರು. ಹೆರಿಗೆಯಾದ ಮನೆಗೆ ಡಬ್ಬಿಯಲ್ಲಿ ಊಟ ಕಳಿಸಿದರು. ನಾರಾಯಣ ವಾಮನ ಟಿಳಕರ ಪದಗಳನ್ನು ಅವರು ಅಭಂಗದ ಧಾಟಿಯಲ್ಲಿ ತಾಳ ಹಿಡಿದು ಹಾಡುವಾಗ, ಜರ್ಮನ್ ರಾಗಗಳಲ್ಲಿ ಬೆಳೆದ ನಮಗೆ ಸಣ್ಣ ಅಸೂಯೆಯೇ ಆಗುತ್ತಿತ್ತು.

ನಮ್ಮಲ್ಲೊಬ್ಬರ ತಾಯಿ ಮಾತ್ರ ಒಳಗೆ ಬರದೆ ಮೆಟ್ಟಿಲ ಮೇಲೆ ಕುಳಿತಿರುತ್ತಿದ್ದರು. ಅವರನ್ನು ನಾವೆಲ್ಲ ಆಯಿ ಎನ್ನುತ್ತಿದ್ದೆವು. ಎಪ್ಪತ್ತು ದಾಟಿದ್ದ ಅವರು ಓದುಬರಹ ಅರಿಯರು. ಆದರೆ ಕೀರ್ತನೆಗಳಲ್ಲಿ ಅರ್ಧದಷ್ಟು ಬಾಯಿಪಾಠ. ಒಳಗೆ ಬರಲು ಎಷ್ಟೋ ಸಲ ಕೇಳಿಕೊಂಡ ಮೇಲೆ ಒಂದು ದಿನ ಹೇಳಿದರು: “ದೇವರಿಗೆ ಮರಾಠಿ ತಿಳೀತದೋ ತಮ್ಮಾ, ನನಗ ತಿಳಿಯಂಗಿಲ್ಲ. ನಾ ಏನು ಬೇಡಿಕೊಂಡೆ ಅಂಬೂದು ನನಗರ ತಿಳೀಬೇಕಲ್ಲ?” ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಆ ವಾರ ಏಳು ಮನೆಯವರೂ ಕೂಡಿ ಮಾತಾಡಿದೆವು.

ಕಾಲ ಒಳ್ಳೆಯದಾಗಿರಲಿಲ್ಲ. 1967ರಲ್ಲಿ ಮಹಾಜನ ಆಯೋಗದ ವರದಿ ಹೊರಬಂದು ಗಡಿಯ ಮಾತು ಚಹದಂಗಡಿಗಳಲ್ಲಿಯೂ ಕಾವೇರಿತ್ತು. ಇಂಥ ಹೊತ್ತಿನಲ್ಲಿ ‘ಕನ್ನಡ ಸಭೆ’ ಎಂದರೆ ಅದರಲ್ಲಿ ಸಭೆ ಎಂಬ ಮಾತನ್ನು ಯಾರೂ ಕೇಳಿಸಿಕೊಳ್ಳಲಾರರು, ಕನ್ನಡವನ್ನಷ್ಟೇ ಕೇಳಿಸಿಕೊಳ್ಳುವರು. ಅದಲ್ಲದೆ ನಮ್ಮೊಳಗೇ ಒಬ್ಬರು ಎತ್ತಿದ ಪ್ರಶ್ನೆ ಇನ್ನೂ ಹರಿತವಾಗಿತ್ತು: ಕ್ರಿಸ್ತನಲ್ಲಿ ಯೆಹೂದ್ಯನೆಂದೂ ಗ್ರೀಕನೆಂದೂ ಭೇದವಿಲ್ಲವೆಂದು ನಂಬಿದ ನಾವು ಭಾಷೆಯ ಹೆಸರಿನಲ್ಲಿ ಬೇರೆ ಗೋಡೆ ಕಟ್ಟಬಹುದೇ? ಮೂರು ರಾತ್ರಿ ಚರ್ಚಿಸಿದೆವು. ಒಪ್ಪಿದವರು ಐದು ಮನೆ, ಒಪ್ಪದವರು ಎರಡು. ಆ ಎರಡು ಮನೆಯವರೂ ಆಯಿಯ ಸಲುವಾಗಿ ಜೊತೆಗೆ ಬಂದರು, ತರ್ಕದ ಸಲುವಾಗಿ ಅಲ್ಲ.

ನಮ್ಮ ತಪ್ಪು ನಡೆದದ್ದು ಇಲ್ಲಿ. ಹೋಗಿ ಹೇಳಬೇಕಾಗಿದ್ದ ಮಾತನ್ನು ನಾವು ಕಾಗದದಲ್ಲಿ ಬರೆದೆವು. ಮರಾಠಿ ಸಭೆಯ ಹಿರಿಯರಿಗೆ ಕಳಿಸಿದ ಆ ಪತ್ರದಲ್ಲಿ ‘ಹಕ್ಕು’ ಎಂಬ ಶಬ್ದ ನಾಲ್ಕು ಸಲ ಬಂದಿತ್ತು, ‘ಉಪಕಾರ’ ಎಂಬುದು ಒಮ್ಮೆಯೂ ಬಂದಿರಲಿಲ್ಲ. ಕರಡನ್ನು ಇಂದು ಓದಿದರೂ ಮುಖ ಕೆಂಪಾಗುತ್ತದೆ. ಅವರಿಂದ ಉತ್ತರ ಬರಲಿಲ್ಲ. ಹೆರಿಗೆಯ ಮನೆಗೆ ಊಟ ಹೊತ್ತು ತಂದಿದ್ದ ಹಿರಿಯರೊಬ್ಬರು ಸ್ಟೇಷನ್ನಿನಲ್ಲಿ ನಮ್ಮನ್ನು ಕಂಡು ಮುಖ ತಿರುಗಿಸಿ ಹೋದರು.

1968ರ ಆಗಮನಕಾಲದ ಮೊದಲ ಭಾನುವಾರ ಸಾಖರಪೇಟೆಯ ಒಂದು ಕೋಣೆಯಲ್ಲಿ ನಮ್ಮ ಮೊದಲ ಆರಾಧನೆ ನಡೆಯಿತು. ಕೋಣೆ ಒಬ್ಬ ತೆಲುಗು ಮಗ್ಗದ ಮಾಲಿಕರದು. ಚಾದರಗಳನ್ನು ಒಟ್ಟುವ ಉಗ್ರಾಣ. ಗೋಡೆಯಾಚೆ ವಿದ್ಯುತ್ ಮಗ್ಗಗಳು. ಆರಾಧನೆ ಮೊದಲಾದ ಕೆಲಹೊತ್ತಿಗೆ ಅವು ಸದ್ದು ಮಾಡತೊಡಗಿದವು. ಓದಿದ ವಾಕ್ಯವೂ ಇಲ್ಲ, ಪ್ರಾರ್ಥನೆಯೂ ಇಲ್ಲ, ಎಲ್ಲವೂ ಖಟಖಟದಲ್ಲಿ ಮುಳುಗಿತು. ಮಾಲಿಕರು ದೊಡ್ಡ ಮನಸ್ಸಿನವರು. ಮುಂದಿನ ವಾರ ತಾವಾಗಿಯೇ ಒಂದು ತಾಸು ಮಗ್ಗ ನಿಲ್ಲಿಸಿದರು. ನಾವು ಸಂತೋಷದಿಂದ ಹಾಡಿ ಹೊರಬಂದಾಗ ಬಾಗಿಲಲ್ಲಿ ನೇಕಾರರು ಬೀಡಿ ಸೇದುತ್ತ ಕುಳಿತಿದ್ದರು. ಅವರಿಗೆ ಕೂಲಿ ದಿನದ ಲೆಕ್ಕದಲ್ಲಲ್ಲ, ನೇಯ್ದ ಮಾಲಿನ ಲೆಕ್ಕದಲ್ಲಿ. ನಮ್ಮ ಸ್ತೋತ್ರದ ಬೆಲೆಯನ್ನು ಅವರು ತೆತ್ತಿದ್ದರು. ಅಂದಿನಿಂದ ಆರಾಧನೆಯನ್ನು ಮಗ್ಗಗಳು ಏಳುವ ಮೊದಲೇ, ಬೆಳಗಿನ ಆರು ಗಂಟೆಗೆ ಇಟ್ಟುಕೊಂಡೆವು. ಚಳಿಗಾಲದಲ್ಲಿ ಮಕ್ಕಳು ಚಾದರದ ಗಂಟುಗಳ ಮೇಲೆ ನಿದ್ದೆ ಹೋಗುತ್ತಿದ್ದುದನ್ನು ಯಾರೂ ಆಕ್ಷೇಪಿಸಲಿಲ್ಲ.

ಹಾಡಿನ ಪುಸ್ತಕ ನಾಲ್ಕೇ ಇದ್ದವು. ಸ್ಟೆನ್ಸಿಲ್ ಹಾಳೆಯ ಮೇಲೆ ಕೈಯಿಂದ ಬರೆದು ಪ್ರತಿ ತೆಗೆಯೋಣವೆಂದು ಹೊರಟಾಗ ನಾವು ಅದುವರೆಗೆ ಕಾಣದಿದ್ದ ಸಂಗತಿಯೊಂದು ಕಣ್ಣಿಗೆ ಬಿತ್ತು. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಮರಾಠಿ ಶಾಲೆಯಲ್ಲಿದ್ದರು. ಮನೆಯಲ್ಲಿ ಆಡುವ ಮಾತು ಕನ್ನಡವಾದರೂ ಕನ್ನಡ ಅಕ್ಷರ ಅವರಿಗೆ ಬಾರದು. ಒಬ್ಬ ಹುಡುಗಿ ತನ್ನ ನೋಟುಬುಕ್ಕನ್ನು ತೋರಿಸಿದಳು. ಕನ್ನಡದ ಹಾಡುಗಳನ್ನೆಲ್ಲ ಬಾಳಬೋಧ ಲಿಪಿಯಲ್ಲಿ ಬರೆದುಕೊಂಡಿದ್ದಳು. ಕನ್ನಡದ ಹ್ರಸ್ವ ಎಕಾರ, ಒಕಾರಗಳಿಗೆ ಆ ಲಿಪಿಯಲ್ಲಿ ಬೇರೆ ಗುರುತಿಲ್ಲದ್ದರಿಂದ ತಾನೇ ಒಂದು ಚುಕ್ಕೆಯನ್ನು ಕಂಡುಹಿಡಿದಿದ್ದಳು. ಆ ಚುಕ್ಕೆಯನ್ನು ಮೆಚ್ಚಬೇಕೋ ಅದಕ್ಕಾಗಿ ಮರುಗಬೇಕೋ ನಮಗೆ ತಿಳಿಯಲಿಲ್ಲ.

ಬಾಳಬೋಧದಲ್ಲಿಯೇ ಹಾಳೆ ತೆಗೆಯಿರಿ, ಹಾಡು ಮುಖ್ಯ, ಅಕ್ಷರವಲ್ಲ ಎಂದು ಕೆಲವರು. ಹಾಗೆ ಮಾಡಿದರೆ ಹತ್ತು ವರ್ಷದಲ್ಲಿ ಸತ್ಯವೇದವನ್ನು ಓದುವವರೇ ಇರುವುದಿಲ್ಲವೆಂದು ಉಳಿದವರು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ 1810ರಿಂದ ದುಡಿದು 1831ರ ಹೊತ್ತಿಗೆ ಇಡೀ ಸತ್ಯವೇದವನ್ನು ಕನ್ನಡಕ್ಕೆ ತಂದದ್ದು ಉಗ್ರಾಣದ ಗಂಟಿನ ಮೇಲೆ ಮುಚ್ಚಿಡುವುದಕ್ಕಲ್ಲ ಎಂದು ಒಬ್ಬರು ಗುಡುಗಿದರು. ಕಡೆಗೆ ಹಾಳೆಯ ಎಡಕ್ಕೆ ಕನ್ನಡ, ಬಲಕ್ಕೆ ಬಾಳಬೋಧ ಎರಡನ್ನೂ ಬರೆದೆವು. ಆರಾಧನೆಯ ನಂತರ ಅರ್ಧ ತಾಸು ಮಕ್ಕಳಿಗೆ ಅಕ್ಷರ. ಕಲಿಸಲು ಬಂದವರು ನಗರದ ಕನ್ನಡ ಶಾಲೆಯ ಶಿಕ್ಷಕರೊಬ್ಬರು, ಲಿಂಗಾಯತರು. ಸಿದ್ಧೇಶ್ವರನ ಗುಡಿಗೆ ಹೋಗುವ ದಾರಿಯಲ್ಲಿ ನಮ್ಮಲ್ಲಿಗೆ ಬಂದು, ಪಾಟಿಯ ಮೇಲೆ ಒತ್ತಕ್ಷರ ತಿದ್ದಿಸಿ, ಹಣೆಯ ವಿಭೂತಿಯನ್ನು ಸರಿಮಾಡಿಕೊಂಡು ಮುಂದೆ ನಡೆಯುತ್ತಿದ್ದರು. ಎರಡು ವರ್ಷದಲ್ಲಿ ಬಲಗಡೆಯ ಬರಹವನ್ನು ನಾವು ಕೈಬಿಟ್ಟೆವು.

ಕರ್ತನ ಭೋಜನಕ್ಕೆ ಮಾತ್ರ ಸಭಾಪಾಲಕರು ಬೇಕು. ಅವರು ತಿಂಗಳಿಗೊಮ್ಮೆ ಹುಬ್ಬಳ್ಳಿಯಿಂದ ಗದಗ, ವಿಜಾಪುರ, ಹೊಟಗಿಯ ಮೇಲೆ ಮೀಟರ್ ಗೇಜಿನ ಗಾಡಿಯಲ್ಲಿ ಬರಬೇಕಾಗಿತ್ತು. ಗಾಡಿ ತಡವಾದ ದಿನ ಮಗ್ಗಗಳು ಎದ್ದುಬಿಡುತ್ತಿದ್ದವು. ರೊಟ್ಟಿ, ದ್ರಾಕ್ಷಾರಸಗಳನ್ನು ಆ ಸದ್ದಿನ ನಡುವೆ ಮಾತಿಲ್ಲದೆ ಹಂಚಿದ್ದೂ ಉಂಟು. 1970ರ ನವೆಂಬರ್ 29ರಂದು ನಾಗಪುರದಲ್ಲಿ ಉತ್ತರ ಭಾರತ ಸಭೆ ಸ್ಥಾಪನೆಯಾಯಿತು. ದಕ್ಷಿಣ ಭಾರತ ಸಭೆ 1947ರಿಂದಲೇ ಇತ್ತು. ರಾಜ್ಯಗಳ ಗಡಿಯ ಜಗಳ ಸಾಲದೆಂಬಂತೆ ಸಭೆಗಳ ಗಡಿಯೂ ನಮ್ಮ ಉಗ್ರಾಣದ ಬಾಗಿಲಿಗೆ ಬಂದು ನಿಂತಿತು. ನೀವು ಯಾರ ಲೆಕ್ಕಕ್ಕೆ ಎಂದು ಎರಡೂ ಕಡೆಯವರು ಕೇಳಿದರು. ಆರು ಗಂಟೆಯ ಲೆಕ್ಕಕ್ಕೆ ಎಂದು ನಾವು ನಕ್ಕೆವು. ಆದರೆ ಅದು ನಗುವ ಮಾತಾಗಿರಲಿಲ್ಲ.

1972ರ ಬರಗಾಲದಲ್ಲಿ ಆಯಿ ತೀರಿಕೊಂಡರು. ಕ್ರೈಸ್ತರ ರುದ್ರಭೂಮಿ ಮರಾಠಿ ಸಭೆಯ ವಶದಲ್ಲಿತ್ತು. ನಾಲ್ಕು ವರ್ಷ ಮಾತಿಲ್ಲದವರ ಬಾಗಿಲಿಗೆ ಹೋಗಿ ಜಾಗ ಬೇಡಬೇಕಾಯಿತು. ಈ ಸಲ ಕಾಗದ ಬರೆಯಲಿಲ್ಲ, ನಾವೇ ಹೋದೆವು. ಬಾಗಿಲು ತೆರೆದವರು ಸ್ಟೇಷನ್ನಿನಲ್ಲಿ ಮುಖ ತಿರುಗಿಸಿದ್ದ ಹಿರಿಯರೇ. ಪತ್ರದ ಸಲುವಾಗಿ ಕ್ಷಮೆ ಕೇಳಲೆಂದು ನಾವು ಬಾಯಿ ತೆರೆಯುವ ಮೊದಲೇ “ಮೆಟ್ಟಿಲ ಮೇಲೆ ಕೂಡುತ್ತಿದ್ದ ಆಜಿಯೇ?” ಎಂದು ಮರಾಠಿಯಲ್ಲಿ ಕೇಳಿ, ಚಪ್ಪಲಿ ಮೆಟ್ಟಿಕೊಂಡು ನಮ್ಮ ಜೊತೆಗೆ ಹೊರಟರು.

ಮಣ್ಣು ಕೊಡುವಾಗ ಇಪ್ಪತ್ತಮೂರನೆಯ ಕೀರ್ತನೆಯನ್ನು ಆ ನೋಟುಬುಕ್ಕಿನ ಹುಡುಗಿ ಕನ್ನಡ ಸತ್ಯವೇದದಿಂದ ಬೆರಳಿಟ್ಟು ಓದಿದಳು. ಒಂದು ಒತ್ತಕ್ಷರದ ಬಳಿ ತಡವರಿಸಿ ನಿಂತಾಗ ಗುಂಪಿನ ಹಿಂದಿನಿಂದ ಅಕ್ಷರ ಕಲಿಸಿದ ಶಿಕ್ಷಕರು ಮೆಲ್ಲನೆ ಹೇಳಿಕೊಟ್ಟರು. ಬಳಿಕ ಮರಾಠಿ ಸಭೆಯವರು ಟಿಳಕರ ಒಂದು ಪದ ಹಾಡಿದರು.

1977ರಲ್ಲಿ ಸೊಲ್ಲಾಪುರ ವಿಭಾಗ ಮಧ್ಯ ರೇಲ್ವೆಗೆ ಮರಳಿತು. ನಮ್ಮಲ್ಲಿ ಹಲವರು ಹುಬ್ಬಳ್ಳಿಯ ಕಡೆಗೆ ಹೊರಟೆವು. ಉಗ್ರಾಣದ ಕೀಲಿಯನ್ನು ಮಾಲಿಕರಿಗೆ ಒಪ್ಪಿಸಿದೆವು. ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಹಾಜರಿ 11, ಕಾಣಿಕೆ 4 ರೂಪಾಯಿ 20 ಪೈಸೆ ಎಂದಿದೆ. ಉಳಿದ ಎರಡು ಮನೆಯವರು, ಮೊದಲು ಒಪ್ಪದಿದ್ದವರು ಅವರೇ, ತಿಂಗಳ ಕಡೆಯ ಭಾನುವಾರ ಸಂಜೆ ನಾಲ್ಕಕ್ಕೆ ಮರಾಠಿ ಸಭೆಯ ಮಂದಿರದಲ್ಲಿ ಕನ್ನಡ ಆರಾಧನೆ ನಡೆಸಲು ಅನುಮತಿ ಕೇಳಿದರು. ಹಿರಿಯರು ಒಪ್ಪಿದರು, ಹಾಡಿನ ಹಾಳೆಗಳು ಬೇಕೆಂದರು, ತಮ್ಮವರೂ ಕೆಲವರು ಬರುವರೆಂದೂ ಹಾಳೆಯ ಬಲಗಡೆ ಬಾಳಬೋಧ ಇದ್ದರೆ ಅನುಕೂಲವೆಂದೂ ಹೇಳಿ ಕಳಿಸಿದರು. ನಾವು ಮತ್ತೆ ಸ್ಟೆನ್ಸಿಲ್ ಬರೆಯಲು ಕುಳಿತೆವು.