ಎಂಟು ಬಾಗಿಲು, ಒಂದು ಚಂದ್ರ

ಅಭ್ಯಾಸ ಬೋಧನೆಗೆಂದು ನನಗೆ ಸಿಕ್ಕಿದ್ದ ಸರ್ಕಾರಿ ಪ್ರೌಢಶಾಲೆಯ 8ನೇ ತರಗತಿಯ ಗೋಡೆಯಲ್ಲಿ ಯಾವ ಚಾರ್ಟೂ ವಾರಕ್ಕಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ಮಳೆಗಾಲದ ತೇವಕ್ಕೆ ಸುಣ್ಣ ಪುಡಿಯಾಗಿತ್ತು. ಅಂಟಿಸಿದ ಟೇಪು ಸುಣ್ಣದ ಸಮೇತ ಕಿತ್ತು ಬರುತ್ತಿತ್ತು. ನನಗಿಂತ ಹಿಂದಿನ ವರ್ಷ ಬಂದಿದ್ದ ಪ್ರಶಿಕ್ಷಣಾರ್ಥಿಗಳ ಚಾರ್ಟುಗಳು ಸುರುಳಿ ಸುತ್ತಿಕೊಂಡು ಬೀರುವಿನ ಮೇಲೆ ಮಲಗಿದ್ದವು. ನನ್ನವೂ ಅಲ್ಲಿಗೇ ಹೋಗುತ್ತವೆ ಅನ್ನಿಸಿತು.

ನಾನು ದಿನವೂ ಬಸ್ಸಿಗೆ ಕಾಯುವ ಜಾಗದ ಎದುರು ಒಂದು ಗುಜರಿ ಅಂಗಡಿ ಇದೆ. ಈಗ ಮನೆ ರಿಪೇರಿ ಮಾಡಿಸುವವರು ಮೊದಲು ಕೈಹಾಕುವುದು ಅಡುಗೆಮನೆಗೆ. ಹಾಗಾಗಿ ಅಲ್ಲಿ ಹಳೆಯ ಅಡುಗೆಮನೆ ಕಪಾಟಿನ ಬಾಗಿಲುಗಳ ರಾಶಿಯೇ ಇತ್ತು. ಅಗಲ ಒಂದಡಿ, ಎತ್ತರ ಒಂದೂವರೆ ಅಡಿ, ಗಟ್ಟಿ ಹಲಗೆ. ಗೋಡೆಗೆ ಸ್ಕ್ರೂ ಹಾಕಿ ನಿಲ್ಲಿಸಿದರೆ ಅಲುಗಾಡುವುದಿಲ್ಲ. ಎಂಟು ಬಾಗಿಲಿನಲ್ಲಿ ಚಂದ್ರನ ಎಂಟು ಹಂತಗಳನ್ನು ಬರೆದು ಸಾಲಾಗಿ ಜೋಡಿಸುವ ಯೋಚನೆ ಬಂದದ್ದು ಬಸ್ಸಿಗೆ ಕಾಯುತ್ತಿದ್ದಾಗಲೇ.

"ಬಾಗಿಲು ಮಾತ್ರ ತಗೊಂಡು ಏನ್ ಮಾಡ್ತೀರಮ್ಮಾ?" ಎಂದು ಅಂಗಡಿಯವರು ಕೇಳಿದರು. ಸ್ಕೂಲಿಗೆ ಎಂದಾಗ ಒಂದಕ್ಕೆ 80 ರೂಪಾಯಿಯಂತೆ ಕೊಟ್ಟರು. ಆರಿಸುವಾಗ ಎರಡು ವಿಷಯ ನೋಡಿಕೊಂಡೆ. ಅಂಚನ್ನು ನೋಡಿದರೆ ಪ್ಲೈವುಡ್ಡಿನಲ್ಲಿ ಪದರಗಳು ಕಾಣುತ್ತವೆ. ಮರದ ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿನಲ್ಲಿ ಕಾಳುಕಾಳಾಗಿರುತ್ತದೆ. ಅದು ನೀರು ತಾಗಿದ ಕಡೆ ಉಬ್ಬುತ್ತದೆ, ಸ್ಕ್ರೂ ಹಿಡಿಯುವುದಿಲ್ಲ. ಎರಡನೆಯದು, ಹಳೆಯ ಬಣ್ಣ ಬಳಿದಿದ್ದ ಬಾಗಿಲುಗಳನ್ನು ಬಿಟ್ಟು ಸನ್‌ಮೈಕಾ ಅಂಟಿಸಿದವನ್ನೇ ತೆಗೆದುಕೊಂಡೆ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಉಜ್ಜಿದರೆ ಏಳುವ ಧೂಳು ಮಕ್ಕಳಿರುವ ಜಾಗಕ್ಕೆ ಬೇಡ.

ಮೊದಲ ಬಾಗಿಲು ಕೆಟ್ಟಿತು. ಸನ್‌ಮೈಕಾ ನುಣುಪಾಗಿದೆ, ನೇರವಾಗಿ ಬಣ್ಣ ಬಳಿದರಾಯಿತು ಅಂದುಕೊಂಡೆ. ಮರುದಿನ ಉಗುರು ತಾಗಿದರೆ ಹಾಳೆಯ ಹಾಗೆ ಎದ್ದು ಬಂತು. ಆಮೇಲೆ ಸೋಪಿನ ನೀರಿನಲ್ಲಿ ಅಡುಗೆ ಜಿಡ್ಡು ತೊಳೆದು, 120 ನಂಬರಿನ ಮರಳು ಕಾಗದದಿಂದ ಹೊಳಪು ಹೋಗುವವರೆಗೆ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಪ್ರೈಮರ್ ಹಚ್ಚಿ ಒಂದು ದಿನ ಬಿಟ್ಟು, ಕಡುನೀಲಿ ಎನಾಮಲ್ ಬಣ್ಣ ಎರಡು ಸಲ ಬಳಿದೆ. ಹಿಡಿ ಇದ್ದ ತೂತುಗಳಿಗೆ ಪುಟ್ಟಿ ತುಂಬಿದೆ. ಬಿಳಿ ಬಣ್ಣದಲ್ಲಿ ಚಂದ್ರನನ್ನು ಬರೆದೆ. ಇಂಟರ್ನೆಟ್ಟಿನ ಒಂದು ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು, ದಿನವೂ ರಾತ್ರಿ ಹಾಸ್ಟೆಲಿನ ಮೆಟ್ಟಿಲ ಮೇಲೆ ಕುಳಿತು ಬರೆದದ್ದು. ತಲೆ ಎತ್ತಿ ಆಕಾಶ ನೋಡಿದ ನೆನಪಿಲ್ಲ.

ಒಂದೊಂದು ಬಾಗಿಲೂ ಒಂದೂವರೆ ಕೆ.ಜಿ. ತೂಗುತ್ತಿತ್ತು. ಮುಖ್ಯ ಶಿಕ್ಷಕರು ಅದನ್ನು ಕೈಯಲ್ಲಿ ಹಿಡಿದು ನೋಡಿ, ಮಕ್ಕಳು ಕೂರುವ ಜಾಗದ ಮೇಲೆ ಬೇಡ, ಓಡಾಡುವ ಕಡೆಯ ಗೋಡೆಗೆ ಹಾಕಿ ಎಂದರು. ಡ್ರಿಲ್ ಮಾಡಿ, ಪ್ಲಗ್ ಕೂರಿಸಿ, ಬಾಗಿಲಿಗೆ ನಾಲ್ಕು ಸ್ಕ್ರೂ ಹಾಕಿಸಿದೆವು. ಎಂಟೂ ಸಾಲಾಗಿ ನಿಂತಾಗ ಕೊಠಡಿಯ ಕಳೆಯೇ ಬದಲಾಯಿತು. ಬೇರೆ ತರಗತಿಯ ಮಕ್ಕಳೂ ಕಿಟಕಿಯಿಂದ ಇಣುಕಿದರು. ಕಾಲೇಜಿನಿಂದ ವೀಕ್ಷಣೆಗೆ ಬರುವ ದಿನ ಇದಕ್ಕೆ ಒಳ್ಳೆಯ ಅಂಕ ಬರುತ್ತದೆ ಎಂಬ ಲೆಕ್ಕವೂ ನನ್ನ ತಲೆಯಲ್ಲಿತ್ತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಅಂದಿನ ತರಗತಿಯಲ್ಲಿ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು. ಸಾಮಾನ್ಯವಾಗಿ ಮಾತಾಡದವಳು.

"ಮಿಸ್, ಬಿದಿಗೆ ಚಂದ್ರ ಹಿಂಗೆ ನಿಂತ್ಕೊಂಡಿರಲ್ಲ. ಮಲಗಿರ್ತಾನೆ, ದೋಣಿ ತರ."

ನಾನು ಬರೆದದ್ದು ನೆಟ್ಟಗೆ ನಿಂತ, ಬಲಕ್ಕೆ ಬೆನ್ನು ಮಾಡಿದ ಗೆರೆಚಂದ್ರ. "ಪುಸ್ತಕದಲ್ಲೂ ಹೀಗೇ ಇದೆ ನೋಡು, ಕೂತ್ಕೋ" ಎಂದೆ. ಅವಳು ಕುಳಿತಳು. ಇಬ್ಬರು ಹುಡುಗರು ನಕ್ಕರು. ನಾನು ಪಾಠ ಮುಂದುವರಿಸಿದೆ. ಮರುದಿನ, ಅದರ ಮರುದಿನ ಪ್ರಶ್ನೆ ಕೇಳಿದಾಗ ಅವಳು ತಲೆ ತಗ್ಗಿಸಿಯೇ ಇದ್ದಳು.

ಮಾರ್ಗದರ್ಶಕ ಶಿಕ್ಷಕರಿಗೆ ಇದನ್ನು ಹೇಳಿದೆ, ಬಾಗಿಲಿನ ಬಗ್ಗೆ ಮೆಚ್ಚುಗೆ ಸಿಗಬಹುದೆಂಬ ಆಸೆಯಿಂದಲೇ. ಅವರು ನಗಲಿಲ್ಲ. "ನೋಡಮ್ಮ, ಅವಳ ಅಜ್ಜಿ ಯುಗಾದಿ ಚಂದ್ರನ ಕೋಡು ನೋಡಿ ಮಳೆ ಬೆಳೆ ಹೇಳುವವರು. ಆ ಮಗು ಚಂದ್ರನನ್ನು ನೋಡಿದೆ. ನೀನು ನೋಡಿದ್ದೀಯಾ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವಳು ನಾನು.

ಆ ತಿಂಗಳ ಅಮಾವಾಸ್ಯೆ ಕಳೆದು ಬಿದಿಗೆಯ ಸಂಜೆ ಹಾಸ್ಟೆಲಿನ ತಾರಸಿಗೆ ಹೋದೆ. ಸೂರ್ಯ ಮುಳುಗಿದ ಜಾಗದ ಮೇಲೆ ತೆಳ್ಳಗಿನ ಚಂದ್ರ, ಎರಡೂ ಕೋಡು ಮೇಲಕ್ಕೆ, ತುಸುವೇ ವಾಲಿದ ದೋಣಿ. ಅವಳು ಹೇಳಿದ್ದು ಅಕ್ಷರಶಃ ನಿಜ.

ಕಾರಣ ಕಷ್ಟದ್ದೇನಲ್ಲ. ಚಂದ್ರನ ಬೆಳಗಿದ ಭಾಗ ಯಾವಾಗಲೂ ಸೂರ್ಯನ ಕಡೆಗಿರುತ್ತದೆ. ಸಮಭಾಜಕಕ್ಕೆ ಹತ್ತಿರವಿರುವ ನಮ್ಮ ಊರುಗಳಲ್ಲಿ ಸೂರ್ಯ, ಚಂದ್ರರು ಪಡುವಣದಲ್ಲಿ ಹೆಚ್ಚುಕಡಿಮೆ ನೇರವಾಗಿ ಕೆಳಗಿಳಿಯುತ್ತಾರೆ. ಹಾಗಾಗಿ ಮುಳುಗಿದ ಸೂರ್ಯ ಚಂದ್ರನ ಪಕ್ಕಕ್ಕಲ್ಲ, ಕೆಳಗಿರುತ್ತಾನೆ. ಯುಗಾದಿಯ ಹೊತ್ತಿಗಂತೂ ಈ ದಾರಿ ದಿಗಂತಕ್ಕೆ ಬಹುತೇಕ ಲಂಬವಾಗಿರುವುದರಿಂದ ದೋಣಿ ಇನ್ನೂ ಸಮವಾಗಿ ಕಾಣುತ್ತದೆ. ಪುಸ್ತಕದ ಚಿತ್ರ ಸುಳ್ಳಲ್ಲ. ಅದು ಉತ್ತರವನ್ನು ಮೇಲಿಟ್ಟು ಬರೆಯುವ ರೂಢಿ. ಆದರೆ ಆ ರೂಢಿಯನ್ನು ಹೇಳದೆ, 'ಚಂದ್ರ ಹೀಗೆ ಕಾಣುತ್ತಾನೆ' ಎಂದು ನಾನು ಎನಾಮಲ್ ಬಣ್ಣದಲ್ಲಿ ಬರೆದಿದ್ದೆ.

ಮರುದಿನ ತರಗತಿಯಲ್ಲಿ ಮೊದಲು ಅದನ್ನೇ ಹೇಳಿದೆ. ಅವಳು ನೋಡಿ ಹೇಳಿದ್ದಳು, ನಾನು ನೋಡದೆ ಬರೆದೆ, ಅವಳನ್ನು ಕೂರಿಸಿದ್ದು ನನ್ನ ತಪ್ಪು ಎಂದೆ. ನಕ್ಕಿದ್ದ ಹುಡುಗರು ಸುಮ್ಮನಾದರು. ಅವಳು ಏನೂ ಹೇಳಲಿಲ್ಲ. ಆದರೆ ಬಾಗಿಲನ್ನು ಏನು ಮಾಡೋಣ ಎಂದು ಕೇಳಿದಾಗ, "ತಿರುಗೋ ತರ ಮಾಡಿ ಮಿಸ್" ಎಂದವಳು ಅವಳೇ.

ಶಾಲೆಯ ಹತ್ತಿರದ ಬಡಗಿ ಉಳಿಕೆ ಪ್ಲೈವುಡ್ಡಿನಲ್ಲಿ 20 ಸೆಂ.ಮೀ. ಅಗಲದ ಬಿಲ್ಲೆಗಳನ್ನು ಕತ್ತರಿಸಿಕೊಟ್ಟರು. ಬರೆದಿದ್ದ ಚಂದ್ರರ ಮೇಲೆ ನೀಲಿ ಬಳಿದು, ಬಿಲ್ಲೆಯ ಮೇಲೆ ಹೊಸದಾಗಿ ಚಂದ್ರನನ್ನು ಬರೆದು, ನಡುವೆ ವಾಷರ್ ಇಟ್ಟು ಒಂದೇ ಸ್ಕ್ರೂ ಹಾಕಿದೆವು. ಈಗ ಚಂದ್ರನನ್ನು ಯಾವ ಕಡೆಗಾದರೂ ತಿರುಗಿಸಬಹುದು. ಈ ಸಲ ಬಣ್ಣ ಬಳಿದವರು ಮಕ್ಕಳು.

ಪಾಠಯೋಜನೆಯನ್ನೂ ಬದಲಿಸಿದೆ. ಕೊನೆಯ ಹಂತದಲ್ಲಿ ಮನೆಗೆಲಸವಾಗಿದ್ದ ಆಕಾಶ ವೀಕ್ಷಣೆಯನ್ನು ಮೊದಲಿಗೆ ತಂದೆ. ತದಿಗೆಯಿಂದ ಹುಣ್ಣಿಮೆಯವರೆಗೆ ಸಂಜೆ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ನಿಂತು ನೋಡಿ ಬರೆಯಬೇಕು. ಅಷ್ಟಮಿಯ ದಿನ ಜಗಳವಾಯಿತು. ಅರ್ಧ ಮಕ್ಕಳು ಬೆಳಕನ್ನು ಬಲಕ್ಕೆ ಬರೆದಿದ್ದರು, ಉಳಿದವರು ಎಡಕ್ಕೆ. ವಿಚಾರಿಸಿದರೆ, ಸಂಜೆ ಅಷ್ಟಮಿ ಚಂದ್ರ ನಡುನೆತ್ತಿಯ ಹತ್ತಿರವಿತ್ತು. ಕೆಲವರು ದಕ್ಷಿಣಕ್ಕೆ, ಕೆಲವರು ಉತ್ತರಕ್ಕೆ ಮುಖ ಮಾಡಿ ನೋಡಿದ್ದರು. ಎರಡೂ ಸರಿ. ಬೆಳಕು ಎಲ್ಲರಿಗೂ ಪಡುವಣಕ್ಕೇ ಇತ್ತು. ನಾನು ಬಾಗಿಲಿನ ಕೆಳಗೆ ಬರೆದಿದ್ದ 'ಬಲಭಾಗ ಬೆಳಗಿರುತ್ತದೆ' ಎಂಬ ಸಾಲನ್ನು ಒರೆಸಿ, ಮಕ್ಕಳು 'ಸೂರ್ಯ ಇರುವ ಕಡೆ ಬೆಳಗಿರುತ್ತದೆ' ಎಂದು ಬರೆದರು. ಕೃಷ್ಣಪಕ್ಷದ ಅಷ್ಟಮಿ ಚಂದ್ರ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಪಡುವಣದಲ್ಲಿ ಮಸುಕಾಗಿ ಸಿಕ್ಕಿತು, ಬೆಳಕಿನ ಭಾಗ ಮೇಲ್ಮುಖವಾಗಿ. ಪ್ರಾರ್ಥನೆ ಮುಗಿದದ್ದೇ ಮೂರು ಮಂದಿ ಓಡಿ ಹೋಗಿ ಬಿಲ್ಲೆ ತಿರುಗಿಸಿ ಬಂದರು.

ಇನ್ನೊಂದು ಉಪಯೋಗ ನಾನು ಯೋಚಿಸಿರಲೇ ಇಲ್ಲ. ಮಾಡ್ಯುಲರ್ ಕಪಾಟಿನ ಬಾಗಿಲ ಹಿಂಬದಿಯಲ್ಲಿ ಹಿಂಜ್ ಕೂರಿಸಲು 35 ಮಿ.ಮೀ. ಅಗಲದ ದುಂಡು ಗುಳಿ ಇರುತ್ತದೆ. ಚಂದ್ರನ ಮೇಲೆ ಭೂಮಿಯ ನೆರಳು ಬೀಳುವುದರಿಂದ ಹಂತಗಳಾಗುತ್ತವೆ ಎಂದು ತರಗತಿಯ ಹೆಚ್ಚಿನ ಮಕ್ಕಳು ನಂಬಿದ್ದರು. ಒಂದು ಬಾಗಿಲನ್ನು ತಿರುಗಿಸಿ ಹಾಕಿ, ಆ ಗುಳಿಗೆ ಹಸಿರು-ನೀಲಿ ಬಳಿದು ಭೂಮಿ ಎಂದೆವು. ಆಗ ಚಂದ್ರ ಒಂಬತ್ತೂವರೆ ಮಿ.ಮೀ.ನ ಒಂದು ಮಣಿ. ಅದರ ದೂರ ಭೂಮಿಯ ವ್ಯಾಸದ 30 ಪಟ್ಟು, ಅಂದರೆ 105 ಸೆಂ.ಮೀ. ಅದು ಮೂರು ಬಾಗಿಲು ದಾಟಿ ನಾಲ್ಕನೆಯದರ ಮೇಲೆ ಬಂತು. ಚಂದ್ರನ ಕಕ್ಷೆ ಸುಮಾರು 5 ಡಿಗ್ರಿ ಓರೆ. ಈ ಅಳತೆಯಲ್ಲಿ ಮಣಿ 9 ಸೆಂ.ಮೀ.ವರೆಗೆ ಮೇಲೆ ಅಥವಾ ಕೆಳಗೆ ಹೋಗುತ್ತದೆ. ಅಷ್ಟು ದೂರದಲ್ಲಿ ಭೂಮಿಯ ದಟ್ಟ ನೆರಳಿನ ಅಗಲ ಎರಡೂವರೆ ಸೆಂ.ಮೀ. ಮಾತ್ರ. ನೆರಳು ಸಿಗುವುದೇ ಅಪರೂಪ, ಸಿಕ್ಕ ದಿನ ಗ್ರಹಣ ಎಂದು ಮಕ್ಕಳೇ ಹೇಳಿದರು.

ವೀಕ್ಷಣೆಯ ದಿನ ನಮ್ಮ ಉಪನ್ಯಾಸಕರು ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಗೋಡೆಯ ಹತ್ತಿರ ನಿಂತು ಬಿಲ್ಲೆ ತಿರುಗಿಸಿ ವಿವರಿಸಿದ್ದು ಆ ಹುಡುಗಿ. ಒಂದು ಕಡೆ ತಡವರಿಸಿದಳು, ಮತ್ತೆ ಸರಿಪಡಿಸಿಕೊಂಡಳು. ನನ್ನ ವೀಕ್ಷಣಾ ಪುಸ್ತಕದಲ್ಲಿ ಉಪಕರಣಕ್ಕೆ ಒಳ್ಳೆಯ ಮಾತು ಬಂತು. ಸಮಯ ಪಾಲನೆ ಸಾಲದು ಎಂದೂ ಬಂತು. ಎರಡೂ ಸರಿಯೇ.

ಮುಂದಿನ ವರ್ಷ ಶಾಲೆಗಳಿಗೆ ಹೋಗುವ ಗೆಳೆಯರಿಗೆ ಎರಡು ಮಾತು. ಗುಜರಿ ಬಾಗಿಲು ಒಳ್ಳೆಯ ಹಲಗೆ. ಜಿಡ್ಡು ತೊಳೆಯಿರಿ, ಹೊಳಪು ಹೋಗುವವರೆಗೆ ಉಜ್ಜಿ, ಪ್ರೈಮರ್ ಬಿಡಬೇಡಿ. ಆದರೆ ಚಾರ್ಟಿನ ತಪ್ಪು ಒಂದು ವಾರದಲ್ಲಿ ಉದುರಿಹೋಗುತ್ತದೆ. ಹಲಗೆಯ ಮೇಲಿನ ತಪ್ಪು ನಾವು ಬಿಟ್ಟು ಬಂದ ಮೇಲೂ ಅಲ್ಲೇ ನಿಂತು ಪಾಠ ಮಾಡುತ್ತದೆ. ಬಣ್ಣದ ಡಬ್ಬಿ ತೆಗೆಯುವ ಮೊದಲು ಒಮ್ಮೆ ಹೊರಗೆ ಹೋಗಿ ನೋಡಿ, ಮಕ್ಕಳನ್ನೂ ಕೇಳಿ. ನಾನು ಶಾಲೆ ಬಿಡುವ ದಿನ ಎಂಟು ಬಿಲ್ಲೆಗಳೂ ಎಂಟು ದಿಕ್ಕಿಗೆ ತಿರುಗಿದ್ದವು. ಸರಿಮಾಡಲು ಹೋಗಲಿಲ್ಲ.